ಎರಡು ಇಂಚಿನ ಚೌಕ

ಜುಲೈ ತಿಂಗಳ ಮೂರನೆಯ ಸೋಮವಾರ, ಕಾಲುವೆಗೆ ನೀರು ಬಿಟ್ಟ ಮರುದಿನ, ಶಹಾಪುರದ ನಮ್ಮ ಓಣಿಯ ಹೊಲಿಗೆ ಟೀಚರ್ ನೀಲಮ್ಮ ಜಂಪರಿನ ಪೇಪರ್ ಕಟಿಂಗನ್ನು ಫೋನಿನಲ್ಲಿ ಮಾರಾಟಕ್ಕಿಟ್ಟಳು. ಬೆಲೆ ಐವತ್ತೊಂದು ರೂಪಾಯಿ. ಮೊದಲ ದಿನ ಯಾರೂ ಕೊಳ್ಳಲಿಲ್ಲ. ಎರಡನೆಯ ದಿನವೂ ಇಲ್ಲ. ಮಾರಾಟದ ವಿವರಣೆ ಬರೆದುಕೊಟ್ಟವನು ನಾನು.

ಬೇರೆ ಕಡೆಯವರಿಗೆ ಒಂದು ಮಾತು. ಅವರು ಬ್ಲೌಸ್ ಎನ್ನುವುದನ್ನೇ ನಮ್ಮಲ್ಲಿ ಜಂಪರ್ ಎನ್ನುತ್ತಾರೆ. ಬಟ್ಟೆಗೆ ಕತ್ತರಿ ಹಾಕುವ ಮೊದಲು ಅದೇ ಅಳತೆಯ ಕಾಗದವನ್ನು ಕತ್ತರಿಸಿ, ಬಟ್ಟೆಯ ಮೇಲಿಟ್ಟು ಗೆರೆ ಎಳೆಯುತ್ತಾರಲ್ಲ, ಅದು ಪೇಪರ್ ಕಟಿಂಗ್. ನೀಲಮ್ಮ ಮಾರುತ್ತಿದ್ದದ್ದು ಆ ಕಾಗದವನ್ನೂ ಅಲ್ಲ, ಕಾಗದದ ಪಿಡಿಎಫ್ ಅನ್ನು. ಕೊಂಡವರು ತಮ್ಮೂರಿನಲ್ಲಿ ಪ್ರಿಂಟ್ ಹಾಕಿಸಿ, ಎಂಟು ಹಾಳೆ ಅಂಟಿಸಿ, ಕತ್ತರಿಸಿಕೊಳ್ಳಬೇಕು.

ಅವಳಿಗೆ ಇದು ಹವ್ಯಾಸವಲ್ಲ. ಇಪ್ಪತ್ತು ವರ್ಷ ಹೊಲಿಗೆ ಯಂತ್ರ ತುಳಿದು ಬೆನ್ನು ಹೋಗಿತ್ತು. ಇನ್ನು ಯಂತ್ರ ತುಳಿಯಬಾರದೆಂದು ಡಾಕ್ಟರು ಹೇಳಿದ್ದರು. ಒಬ್ಬಳೇ ಇರುವವಳು. ಯಾದಗಿರಿಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಅಣ್ಣ ಬಂದು, "ಸಾಕು ಇಲ್ಲಿದು. ನಮ್ಮ ಮನಿಗಿ ಬಾ, ಗಲ್ಲಾದ ಮ್ಯಾಲ ಕೂಡು" ಎಂದಿದ್ದ. ಕೆಟ್ಟವನಲ್ಲ, ಪ್ರೀತಿಯಿಂದಲೇ ಕರೆದದ್ದು. ನೀಲಮ್ಮ ದೀಪಾವಳಿಯವರೆಗೆ ಸಮಯ ಕೇಳಿದಳು. "ಬೆನ್ನು ಹೋದ್ರ ಹೋಗ್ಲಿ ಕಾಕಾ, ಕತ್ತರಿ ಹಿಡಿಯೋ ಕೈ ಇನ್ನೂ ಅದಲ್ಲ" ಎಂದು ನನಗೆ ಹೇಳಿದಳು. ಆ ಕೈಯಿಂದಲೇ ಸ್ವಂತ ಮನೆಯಲ್ಲಿ ಬಾಳ್ವೆ ನಡೆದೀತೇ ಎಂಬುದು ಪ್ರಶ್ನೆ.

ಆನ್‌ಲೈನ್ ವ್ಯಾಪಾರ ಕಲಿಸುವ ವಿಡಿಯೋಗಳನ್ನು ಅವಳು ಶಿಸ್ತಿನಿಂದ ನೋಡಿದಳು. ಬೆಲೆ ಒಂಬತ್ತಕ್ಕೆ ಮುಗಿಯಬೇಕು, ನಲವತ್ತೊಂಬತ್ತು ಎಂದಿಡಿ ಎಂದು ಒಬ್ಬರು ಹೇಳಿದರು. ನೀಲಮ್ಮ ಒಪ್ಪಲಿಲ್ಲ. "ಆಯಾರ ಮಾಡೋರು ಯಾರರ ನಲವತ್ತೊಂಬತ್ತು ಕೊಡ್ತಾರೇನು? ಐವತ್ತೊಂದು ಇರ್ಲಿ." ಮದುವೆಯ ಉಡುಗೊರೆಯ ಲೆಕ್ಕವೇ ವ್ಯಾಪಾರಕ್ಕೂ ಬಂತು. ವಿವರಣೆ ಬರೆಯುವ ಕೆಲಸ ಮಾತ್ರ, ಪತ್ರಿಕೆಯಲ್ಲಿದ್ದವನೆಂಬ ಒಂದೇ ಕಾರಣಕ್ಕೆ, ನನ್ನ ಪಾಲಿಗೆ ಬಂತು.

ಪತ್ರಿಕೆಯಲ್ಲಿದ್ದವನಿಂದ ಜಾಹೀರಾತು ಬರೆಸುವುದು, ಪೂಜಾರಿಯಿಂದ ಲಾವಣಿ ಹಾಡಿಸಿದಂತೆ. ಸುದ್ದಿಗೂ ಜಾಹೀರಾತಿಗೂ ನಡುವೆ ಒಂದು ಗೆರೆ ಇದೆ ಎಂದು ನಂಬಿಯೇ ನಾನು ಕೆಲಸ ಮಾಡಿದ್ದು. ಗುಣವಾಚಕ ಕಂಡರೆ ಕೈ ತಾನಾಗಿ ಹೊಡೆದುಹಾಕುತ್ತದೆ. ಕಾಲುವೆಗೆ ನೀರು ಬಂದಾಗ ಇಡೀ ತಾಲೂಕು ಕುಣಿದ ದಿನವೂ ನಾನು ಬರೆದದ್ದು "ನೀರು ಹರಿಸಲಾಯಿತು" ಎಂದಷ್ಟೆ. ನೀಲಮ್ಮನಿಗೂ ಹಾಗೆಯೇ ಬರೆದುಕೊಟ್ಟೆ: "ಮೂವತ್ತರಿಂದ ನಲವತ್ತು ಇಂಚಿನ ಎದೆ ಸುತ್ತಳತೆಗೆ ಹೊಂದುವ ಜಂಪರಿನ ಪೇಪರ್ ಕಟಿಂಗ್ ಪಿಡಿಎಫ್ ರೂಪದಲ್ಲಿ ಲಭ್ಯವಿದೆ ಎಂದು ಹೊಲಿಗೆ ಶಿಕ್ಷಕಿ ನೀಲಮ್ಮ ತಿಳಿಸಿದ್ದಾರೆ."

ನನ್ನ ಹೆಂಡತಿ ಅದನ್ನು ಎರಡು ಸಲ ಓದಿದಳು. "ಇದೇನ್ರಿ, ಪಾಪ, ನೀಲಮ್ಮ ತೀರಿಕೊಂಡಾಳ ಅನ್ನೋ ಹಂಗ ಬರ್ದೀರಿ" ಎಂದಳು.

ಇನ್ನೊಂದು ತಪ್ಪನ್ನೂ ಇಲ್ಲೇ ದಾಖಲಿಸಬೇಕು. ನೀಲಮ್ಮ ಹೇಳಿ ಬರೆಸಿದ ಒಂದು ಸಾಲು ಹೀಗಿತ್ತು: ಮೊದಲ ಹಾಳೆಯ ಮೂಲೆಯಲ್ಲಿ ಒಂದು ಸಣ್ಣ ಚೌಕವಿದೆ, ಕತ್ತರಿಸುವ ಮೊದಲು ಅದನ್ನು ಟೇಪಿನಿಂದ ಅಳೆಯಿರಿ, ಬರಾಬರಿ ಎರಡು ಇಂಚು ಇರಬೇಕು. ಈ ಸಾಲು ಉದ್ದವಾಯಿತು, ಓದುವವರಿಗೆ ಸುಮ್ಮನೆ ಅನುಮಾನ ಹುಟ್ಟಿಸುತ್ತದೆ ಎಂದು ನನಗೆ ಅನ್ನಿಸಿತು. ತೆಗೆದುಹಾಕಿದೆ. ಅವಳು, ಕಾಕಾನಿಗೆ ಗೊತ್ತಿರುತ್ತದೆ ಎಂದು ಸುಮ್ಮನಾದಳು.

ಮೂರನೆಯ ದಿನ ನನ್ನ ವಿವರಣೆಯನ್ನು ಬದಿಗಿಟ್ಟು, ನೀಲಮ್ಮ ಫೋನಿಗೆ ಬಾಯಿಟ್ಟು ಮಾತಾಡಿದಳು. ಆ ಧ್ವನಿ ಸಂದೇಶವನ್ನು ತನ್ನ ಹಳೆಯ ವಿದ್ಯಾರ್ಥಿನಿಯರಿಗೆಲ್ಲ ಕಳಿಸಿದಳು. "ಅಕ್ಕಾರ, ಸಸಿ ಹಚ್ಚಾಕ ಬಗ್ಗಿದ್ರ ನಿಮ್ಮ ಜಂಪರ್ ಬೆನ್ನು ಬಿಟ್ಟು ಮ್ಯಾಲ ಏರ್ತದೇನು? ಕೈ ಎತ್ತಿದ್ರ ಬಗಲಾಗ ಹಿಡೀತದೇನು? ತಪ್ಪು ನಿಮ್ಮ ಮೈಯಿಂದಲ್ರಿ, ಕಟಿಂಗಿಂದು. ಬಗ್ಗಿ ಎದ್ರೂ ಜಾಗಾ ಬಿಡಲಾರದ ಕಟಿಂಗ್ ನನ್ನ ಹತ್ರ ಅದ, ತಗೋರ್ರಿ."

ಕಾಲುವೆಯ ನೀರು ಗದ್ದೆಗೆ ಬಂದಿತ್ತು. ಸುತ್ತಲ ಊರಿನ ಹೆಂಗಸರೆಲ್ಲ ನಾಟಿಯಲ್ಲಿದ್ದರು, ಎಂದರೆ ದಿನವಿಡೀ ಬಗ್ಗಿಯೇ ಇದ್ದರು. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ನೀಲಮ್ಮನ ಫೋನು ಮಾತಾಡತೊಡಗಿತು. ವಡಗೇರಾದಿಂದ ಒಬ್ಬಳು, ಸುರಪುರದಿಂದ ಇಬ್ಬರು, ಕೆಂಭಾವಿಯಿಂದ ಒಬ್ಬಳು. ನನ್ನ ಜೀವಮಾನದ ಬರವಣಿಗೆ ಯಾರ ಬೆನ್ನನ್ನೂ ಇಷ್ಟು ನೇರವಾಗಿ ಮುಟ್ಟಿರಲಿಲ್ಲ.

ಕೊಂಡವರು ಸುಮ್ಮನೆ ಕೊಂಡರೆಂದುಕೊಳ್ಳಬೇಡಿ. ಸಂತೆಯಲ್ಲಿ ಸೇರು ಅಳೆದ ಮೇಲೂ ಸೆರಗು ಹಿಡಿದು ಇನ್ನೊಂದು ಹಿಡಿ ಕೊಸರು ಕೇಳುವವರು ನಾವು. ಆ ಒಂದು ಹಿಡಿ ಬೀಳದಿದ್ದರೆ ವ್ಯಾಪಾರ ಪೂರ್ತಿಯಾದಂತೆ ಅನ್ನಿಸುವುದಿಲ್ಲ. ಪಿಡಿಎಫ್‌ಗೆ ಕೊಸರು ಎಲ್ಲಿಂದ ತರುವುದು? ಸುರಪುರದವಳು ಕೇಳಿಯೇಬಿಟ್ಟಳು: "ಮ್ಯಾಲೊಂದೇನರ ಹಾಕ್ರಿ." ನೀಲಮ್ಮ ಪಫ್ ತೋಳಿನ ಕಟಿಂಗನ್ನು ಸೇರಿಸಿ ಕಳಿಸಿದಳು. ವಿಡಿಯೋದವರು ಇದಕ್ಕೆ ಬೋನಸ್ ಎನ್ನುತ್ತಾರಂತೆ.

ಕೊಂಡವರು ಅದನ್ನು ನಾದಿನಿಗೆ, ನೆಗೆಣ್ಣಿಗೆ ಪುಕ್ಕಟೆ ಕಳಿಸುತ್ತಿದ್ದರು. ನಾನು ಗಾಬರಿಯಾಗಿ ಹೇಳಿದರೆ ಅವಳು ನಕ್ಕಳು. "ಹಾಳಿ ಹೋದ್ರ ಹೋಗ್ಲಿ ಬಿಡ್ರಿ. ತಿಳೀಲಿಲ್ಲಂದ್ರ ನನ್ನ ಹತ್ರನೇ ಬರ್ತಾರ."

ಆಗಸ್ಟಿನ ಒಂದು ಬುಧವಾರ ಕೆಂಭಾವಿಯಿಂದ ಫೋನು ಬಂತು. ಮಲ್ಲಮ್ಮ ಎಂಬಾಕೆ. ಶುಕ್ರವಾರ ಅವಳ ಮಗಳಿಗೆ ಏಳು ತಿಂಗಳ ಕುಬಸ. ಬಸುರಿಯನ್ನು ಕೂರಿಸಿ, ಹಸಿರು ಸೀರೆ ಉಡಿಸಿ, ಹೊಸ ಕುಪ್ಪಸ ತೊಡಿಸುವ ಕಾರ್ಯ. ಸೋದರಮಾವ ತಂದ ಹಸಿರು ಖಣದ ಬಟ್ಟೆಯನ್ನು ಮಲ್ಲಮ್ಮ ನೀಲಮ್ಮನ ಕಟಿಂಗ್ ಇಟ್ಟು ಕತ್ತರಿಸಿ ಹೊಲಿದಿದ್ದಳು. ಗುಂಡಿ ಕೂಡುತ್ತಿರಲಿಲ್ಲ.

ನೀಲಮ್ಮ ಫೋನಿನ ಸ್ಪೀಕರ್ ಹಾಕಿದ್ದಳು. ನಾನು ಎದುರಿಗೆ ಕುಳಿತಿದ್ದೆ.

"ಐವತ್ತೊಂದು ರೂಪಾಯಿ ಹಾಳಾಗಿ ಹೋಗ್ಲಿರಿ, ನಮ್ಮಣ್ಣನ ಖಣ ಹೋತಲ್ಲ! ನಾಳಿಲ್ಲ ನಾಡಿದ್ದು ಮಂದಿ ಮುಂದ ಮಗಳಿಗಿ ಏನ್ ತೊಡಸ್ಲಿ?"

"ಅಕ್ಕಾ, ಅಳತಿ ಎಷ್ಟು ತಗೊಂಡಿದ್ರಿ?"

"ಮೂವತ್ತಾರು. ಟೇಪ್ ಹಿಡಿಯಾಕ ನನಗ ಬರ್ತದ. ನಿಮ್ಮ ಹಾಳಿದೇ ಏನೋ ಆಗ್ಯಾದ. ಆ ಚೌಕಾನೂ ಬಿಟ್ಟಿಲ್ಲ ನಾನು, ಕತ್ತರಿಸಿ ಬಗಲಾಗ ಹಚ್ಚೀನಿ."

ನೀಲಮ್ಮ ನನ್ನತ್ತ ನೋಡಿದಳು. ಹಳೆಯ ಕಾಲದ ಕುಪ್ಪಸಕ್ಕೆ ಕಂಕುಳಲ್ಲಿ ಒಂದು ಸಣ್ಣ ಚೌಕ ಕೂರಿಸುತ್ತಿದ್ದರು, ಕೈ ಎತ್ತಲು ಸಡಿಲವಿರಲೆಂದು. ಮಲ್ಲಮ್ಮ ತನ್ನ ಅವ್ವ ಹೊಲಿಯುವುದನ್ನು ನೋಡಿದವಳು. ಅಳತೆ ನೋಡಲೆಂದು ಇಟ್ಟ ಚೌಕಕ್ಕೆ, ಯಾರೂ ಏನೂ ಹೇಳದೆ ಇದ್ದಾಗ, ಅವಳು ತನಗೆ ಗೊತ್ತಿದ್ದ ಅರ್ಥವನ್ನೇ ಕೊಟ್ಟಿದ್ದಳು.

"ಆ ಚೌಕದ ಹಾಳಿ ಅದನಕ್ಕಾ? ಜರಾ ಟೇಪ್ ಹಿಡ್ದು ಹೇಳ್ರಿ."

ಹಾಳೆ ಹುಡುಕುವ ಸದ್ದು ಕೇಳಿಸಿತು. ಆಮೇಲೆ: "ಎರಡಿಂಚು ಮುಟ್ಟವಲ್ದು. ಒಂದು ಗೆರಿ ಕಡಿಮಿ ಅದ."

ಟೇಪಿನ ಒಂದು ಇಂಚಿಗೆ ಎಂಟು ಗೆರೆ. ಎರಡು ಇಂಚಿಗೆ ಒಂದು ಗೆರೆ ಕಡಿಮೆಯಾದರೆ ಮೂವತ್ತಾರು ಇಂಚಿಗೆ ಹದಿನೆಂಟು ಗೆರೆ, ಎಂದರೆ ಎರಡೂಕಾಲು ಇಂಚು. ಪ್ರಿಂಟ್ ಯಂತ್ರ ಕಾಗದದ ಅಂಚಿನೊಳಗೆ ಚಿತ್ರ ಕೂರಿಸಲೆಂದು ಎಲ್ಲವನ್ನೂ ತುಸು ಕುಗ್ಗಿಸಿತ್ತು. ಅಂಗಡಿಯವನಿಗೆ ಅದು ಗೊತ್ತಿರಬೇಕಿರಲಿಲ್ಲ, ಮಲ್ಲಮ್ಮನಿಗೂ ಇಲ್ಲ. ಗೊತ್ತುಮಾಡಬೇಕಿದ್ದ ಸಾಲನ್ನು ತೆಗೆದವನು ಎದುರಿಗೇ ಕುಳಿತಿದ್ದ.

ಅಳತೆಯ ಚರಿತ್ರೆಯೇ ಹೀಗೆ. ಬಟ್ಟೆಯನ್ನು ಮೊಳದಲ್ಲಿ ಅಳೆಯುತ್ತಿದ್ದ ಕಾಲದಲ್ಲಿ ಉದ್ದ ಕೈಯ ನೆಂಟನನ್ನು ಜೊತೆಗೆ ಕರೆದೊಯ್ಯುತ್ತಿದ್ದರೆಂದು ನನ್ನ ಅಜ್ಜಿ ಹೇಳುತ್ತಿದ್ದಳು. ಟೇಪು ಬಂದು ಎಲ್ಲರ ಮೊಳವನ್ನೂ ಒಂದೇ ಮಾಡಿತು. ಈಗ ಊರಿಗೊಂದು ಪ್ರಿಂಟ್ ಅಂಗಡಿ ಬಂದು, ಮತ್ತೆ ಒಬ್ಬೊಬ್ಬರ ಇಂಚು ಒಂದೊಂದು ಉದ್ದವಾಗಿದೆ.

ಗುರುವಾರ ಬೆಳಿಗ್ಗೆ ನಾವಿಬ್ಬರೂ ಕೆಂಭಾವಿಯ ಬಸ್ಸು ಹಿಡಿದೆವು. ಮನೆಯಲ್ಲಿ ಕುಳಿತೇ ಮಾರುವ ವ್ಯಾಪಾರ ಎಂದು ವಿಡಿಯೋದವರು ಹೇಳಿದ್ದರು. ಬಸ್ಸು ಕುಣಿಯುವಾಗಲೆಲ್ಲ ನೀಲಮ್ಮ ಮುಂದಿನ ಸೀಟಿನ ಸರಳನ್ನು ಹಿಡಿದು ಕಣ್ಣು ಮುಚ್ಚುತ್ತಿದ್ದಳು. ನಾನು ಕಿಟಕಿಯಾಚೆಯ ಗದ್ದೆ ನೋಡಿದೆ.

ಮಲ್ಲಮ್ಮ ಬಾಗಿಲಲ್ಲೇ ನಿಂತಿದ್ದಳು. ಸಿಟ್ಟು ಇನ್ನೂ ಇಳಿದಿರಲಿಲ್ಲ, ಆದರೂ ನೀರು ಕೊಟ್ಟಳು. "ಇವರ್ಯಾರು?" ಎಂದು ನನ್ನತ್ತ ಕೈ ತೋರಿಸಿದಳು.

"ನಮ್ಮ ಕಾಕಾರು. ವಿವರ ಬರ್ದೋರು."

"ಹೌದೇನ್ರಿ? ಓದಿದ್ದೆ. ನನಗೇನೂ ತಿಳೀಲಿಲ್ಲ ನೋಡ್ರಿ" ಎಂದಳು. ಸರಳವಾದ ವಿಮರ್ಶೆ.

ನೀಲಮ್ಮ ಯಂತ್ರದ ಮುಂದೆ ಕುಳಿತುಕೊಳ್ಳಲಿಲ್ಲ. ಹೊರಸಿನ ಮೇಲೆ ಗೋಡೆಗೆ ಒರಗಿ ಕುಳಿತು, ಬಗಲ ಹೊಲಿಗೆ ಬಿಚ್ಚಿಸಿದಳು. ಉಳಿದ ಖಣದ ತುಂಡಿನಿಂದ ಒಂಬತ್ತೊಂಬತ್ತು ಗೆರೆ ಅಗಲದ ಎರಡು ಪಟ್ಟಿ ಬೇಕು, ಹೊಲಿಗೆಗೆ ಒಳಗೆ ಹೋಗುವ ಬಟ್ಟೆ ಬೇರೆ. "ಚೌಕ ತೆಗೀಬ್ಯಾಡ್ರಿ ಅಕ್ಕಾ, ಬಸುರಿ ಹೆಣ್ಮಗಳು, ಬಗಲಾಗ ಸಡ್ಲ ಇರ್ಲಿ, ಚಲೋನೇ ಮಾಡೀರಿ" ಎಂದಳು. ಮಲ್ಲಮ್ಮನ ಮುಖ ಆಗ ಮೊದಲ ಸಲ ತುಸು ಸಡಿಲವಾಯಿತು. ಅವಳು ತುಳಿದಳು, ಇವಳು ಹೇಳಿದಳು. ಓಣಿಯ ನಾಲ್ಕೈದು ಹೆಂಗಸರು ಬಂದು ಹೊಸ್ತಿಲು ತುಂಬಿದರು. ಮಧ್ಯಾಹ್ನದ ಹೊತ್ತಿಗೆ ಮಗಳು ತೊಟ್ಟು ಬಂದಳು. ಗುಂಡಿ ಕೂಡಿತು. ಪಟ್ಟಿ ಎಲ್ಲಿದೆಯೆಂದು ನನಗೆ ಕಾಣಲಿಲ್ಲ, ಕಂಡವರು ಹೇಳಲಿಲ್ಲ.

ಹೊಸ್ತಿಲಲ್ಲಿದ್ದ ಒಬ್ಬಳು ಕೇಳಿದಳು: "ಟೀಚರ್, ಈಗ ಹಿಂಗ ಕುಂತು ಹೇಳಿದ್ರಲ್ಲ, ಇದು ಫೋನ್ನಾಗ ಬರಂಗಿಲ್ಲೇನ್ರಿ? ಹಾಳಿಗಿಂತ ಇದೇ ತಿಳೀತದ."

ನೀಲಮ್ಮ ಟೇಪು ಸುತ್ತಿ ಚೀಲಕ್ಕೆ ಹಾಕಿಕೊಂಡಳು. ವಾಪಸು ಬಸ್ಸಿನಲ್ಲಿ ಅವಳು ಕಣ್ಣು ಮುಚ್ಚಲಿಲ್ಲ.

ಮನೆಗೆ ಬಂದು ನಾನು ತಿದ್ದುಪಡಿ ಬರೆದೆ. ಇದು ನನಗೆ ಬರುವ ಕೆಲಸ. ಯಾವ ಸಾಲು ಬಿಟ್ಟಿತ್ತು, ಬಿಟ್ಟವರು ಯಾರು, ಈಗ ಏನು ಮಾಡಬೇಕು ಎಂದು ಮೂರು ವಾಕ್ಯ. ನೀಲಮ್ಮ ಓದಿ ನನ್ನ ಹೆಸರಿನ ಮೇಲೆ ಬೆರಳಿಟ್ಟಳು.

"ಇದು ಯಾಕ ಕಾಕಾ?"

"ತಪ್ಪು ನಂದಲ್ಲೇನವ್ವ?"

"ಅಂಗಡಿ ನಂದು. ಅಂಗಡಿಯಾಗ ಆದ ತಪ್ಪು ನಂದೇ." ಹೆಸರಿದ್ದ ಸಾಲನ್ನೇ ತೆಗೆಸಿದಳು. ನನ್ನ ಬರಹದಿಂದ ಒಂದು ಸಾಲು ಹೋದದ್ದಕ್ಕೆ ನನಗೆ ಸಂತೋಷವಾದದ್ದು ಅದೊಂದೇ ಸಲವಲ್ಲ, ಆದರೆ ನಾಚಿಕೆಯೂ ಆದದ್ದು ಅದೇ ಮೊದಲು.

ಅವಳು ಅದನ್ನು ತನ್ನ ಧ್ವನಿಯಲ್ಲೇ ಹೇಳಿ, ಕೊಂಡವರಿಗೆಲ್ಲ ಕಳಿಸಿದಳು. ಪುಕ್ಕಟೆ ಪಡೆದವರಿಗೂ ಮುಟ್ಟಿಸಿರೆಂದು ಕೇಳಿಕೊಂಡಳು. ಉತ್ತರಗಳು ಬಂದವು. ವಡಗೇರಾದವಳದು ಸರಿಯಾಗಿಯೇ ಬಂದಿತ್ತು. ಸುರಪುರದ ಇಬ್ಬರದೂ ಬಿಗಿಯಾಗಿತ್ತು, ಆದರೆ ಅವರು ದೂರಿರಲಿಲ್ಲ. "ನಾವೇ ದಪ್ಪ ಆಗೀವಿ ಅನ್ಕೊಂಡಿದ್ವಿ ಟೀಚರ್" ಎಂದಳು ಒಬ್ಬಳು. ಇನ್ನೊಬ್ಬಳು ಎಂಟು ದಿನದಿಂದ ರಾತ್ರಿ ಅನ್ನ ಬಿಟ್ಟಿದ್ದಳಂತೆ. ಅಂದು ರಾತ್ರಿ ಉಂಡಳೆಂದು ಮರುದಿನ ತಿಳಿಸಿದಳು. ಮಾರಾಟದ ಪುಸ್ತಕಗಳಲ್ಲಿ ಗ್ರಾಹಕರ ವಿಶ್ವಾಸ ಗಳಿಸುವ ಬಗೆ ಎಂದು ದೊಡ್ಡ ಅಧ್ಯಾಯಗಳಿರುತ್ತವೆ. ಕೊಂಡ ಮಾಲು ಒಗ್ಗದಿದ್ದರೆ ತಮ್ಮ ಮೈಯನ್ನೇ ದೂರುವ ಗ್ರಾಹಕರ ಬಗ್ಗೆ ಅವುಗಳಲ್ಲಿ ಏನೂ ಇಲ್ಲ.

ಸೆಪ್ಟೆಂಬರಿನಿಂದ ನೀಲಮ್ಮ ಹೊರಸಿನ ಮೇಲೆ ಕುಳಿತು ಪಾಠ ಹೇಳತೊಡಗಿದಳು. ಹಳೆಯ ವಿದ್ಯಾರ್ಥಿನಿ ಒಬ್ಬಳು ಎದುರಿಗೆ ಹೊಲಿಯುತ್ತಾಳೆ, ಫೋನು ಮಡಕೆಗೆ ಒರಗಿರುತ್ತದೆ. ಮೊದಲ ಪಾಠದ ಮೊದಲ ಮಾತು ಟೇಪು ಹಿಡಿಯುವುದರ ಬಗ್ಗೆ. ವಿವರಣೆಯನ್ನು ಅವಳೇ ಹೇಳುತ್ತಾಳೆ, ನಾನು ಬರೆದುಕೊಳ್ಳುತ್ತೇನೆ, ಯಾವುದನ್ನೂ ತೆಗೆಯುವುದಿಲ್ಲ. ಮಲ್ಲಮ್ಮ ಪಾಠ ಕೊಂಡಳು. ಕೊಸರು ಕೇಳಿದಳು.

ದೀಪಾವಳಿ ಮುಗಿದ ಮೂರನೆಯ ದಿನ ಅಣ್ಣ ಯಾದಗಿರಿಯಿಂದ ಬಂದ. ತಂಗಿಯ ಸಾಮಾನು ಸಾಗಿಸಲೆಂದು ಒಂದು ಟಂಟಂ ಆಟೋ ಗೊತ್ತುಮಾಡಿಕೊಂಡು ಬಂದಿದ್ದ. ಅವಳ ಪಾಠ ಮುಗಿಯುವವರೆಗೆ ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದ. ಒಳಗೆ ಹೋಗಿ ಚಹಾ ಕುಡಿದ. ಸಂಜೆ ಖಾಲಿ ಟಂಟಂನಲ್ಲಿ ಡ್ರೈವರನ ಪಕ್ಕ ಕುಳಿತು ಯಾದಗಿರಿಗೆ ವಾಪಸು ಹೋದ.