ದೊಡ್ಡವ್ವನಿಗೆ ಸಿಕ್ಕ ‘ಸ್ಲೇ’

“ಆಯೀ, ಸ್ಲೇ!” ಎಂದು ಮೊಮ್ಮಗಳು ಕೂಗಿದಾಗ ನಮ್ಮ ದೊಡ್ಡವ್ವ ಉಟ್ಟ ಹೊಸ ಸೀರೆ ಬಿಚ್ಚಿಡಲು ಒಳಗೆ ಹೊರಟಿದ್ದಳು. ಬನಹಟ್ಟಿಯಲ್ಲಿ ಅಂದು ಅವಳ ಕಿರಿಮಗನ ಮದುವೆ. ನೇಕಾರರ ಮನೆಯಲ್ಲಿ ಎಳೆ ತಪ್ಪಿ, ವ್ಯಾಪಾರಿ ಬೇಡವೆಂದ ಸೀರೆಗಳೇ ಹೆಂಗಸರ ಪಾಲಿಗೆ ಬರುತ್ತಿದ್ದವು. ಆಯುಷ್ಯವಿಡೀ ಅವನ್ನೇ ಉಟ್ಟವಳು, ತಾನೇ ನೇಯ್ದ ತಪ್ಪಿಲ್ಲದ ಸೀರೆಯನ್ನು ಮೊದಲ ಸಲ ಉಟ್ಟು, ಜನ ನಕ್ಕಾರೆಂದು ಅಂಜಿದ್ದಳು.

“ಏನಂದ್ಳೋ ತಮ್ಮಾ ಇಕಿ?” ಎಂದು ನನ್ನನ್ನು ಕೇಳಿದಳು.

ಅದು ‘ಕೊಲ್ಲು’ ಎಂಬ ಅರ್ಥದ ಹಳೆಯ ಇಂಗ್ಲಿಷ್ ಪದ, ಈಗಿನ ಹುಡುಗಿಯರು ಯಾರಾದರೂ ಭಾರೀ ಚಂದ ಕಂಡರೆ ಹೊಗಳಿ ಹಾಗೆ ಅನ್ನುತ್ತಾರೆ ಎಂದೆ.

ದೊಡ್ಡವ್ವ ನಿಂತಲ್ಲೇ ಸೆರಗು ಸರಿ ಮಾಡಿಕೊಂಡಳು. “ಹಂಗಾರ ನಾ ಬಿಚ್ಚೂದಿಲ್ಲ. ನೋಡಿ ಬೀಗತಿ ಸತ್ತರ ನನ್ನ ಕೇಳಬ್ಯಾಡ್ರಿ!”

ಮನೆ ತುಂಬಾ ನಗೆ ಎದ್ದಿತು. ಬೀಗರನ್ನು ಎದುರುಗೊಳ್ಳಲು ಎಲ್ಲರಿಗಿಂತ ಮುಂದೆ ನಡೆದವಳು ಅವಳೇ.

ಸೀರೆ ಹಸಿರಿತ್ತೋ ನೀಲಿಯೋ, ಈಗ ನನ್ನ ನೆನಪನ್ನು ನಂಬಲಾರೆ. ಮದುವೆ ಮುಗಿದ ಮೇಲೆ ಮಗ್ಗದಿಂದ ಇಳಿದ ಮೊದಲ ಸೀರೆಯನ್ನು ಅವಳು ವ್ಯಾಪಾರಿಗೆ ಕೊಡದೆ, “ಇದು ನಂದು” ಎಂದು ಮಡಚಿ ತನ್ನ ಟ್ರಂಕಿನಲ್ಲಿಟ್ಟದ್ದು ಮಾತ್ರ ಖರೆ.