ತಿಕ್ಕಿಟ್ಟ ಕುಕ್ಕರ್

ಲಿಂಗಂಪಲ್ಲಿಯಿಂದ ಹೊರಟ ಲೋಕಲ್ ಟ್ರೇನು ಖೈರತಾಬಾದಿನ ಹತ್ತಿರ ಸಿಗ್ನಲ್ ಸಿಗದೆ ನಿಂತುಬಿಟ್ಟಾಗ ನನ್ನ ಜೀವ ಬಾಯಿಗೆ ಬಂತು. ಎದುರಿನ ಸೀಟಿನಲ್ಲಿ ಅವ್ವ ಕೂತಿದ್ದಳು. ಅವಳ ತೊಡೆಯ ಮೇಲೆ ಹಳೆ ಸೀರೆಯಲ್ಲಿ ಗಂಟು ಕಟ್ಟಿದ, ಸಿಡಿದುಹೋದ ಕುಕ್ಕರ್ ಇತ್ತು. ನಾವು ಹೊರಟಿದ್ದು ನಾಂಪಲ್ಲಿ ಕಡೆಯ ಗ್ರಾಹಕರ ಆಯೋಗಕ್ಕೆ. ಅಲ್ಲಿ ಬೆಳಗ್ಗೆ ಜವಾನ ಒಂದೊಂದೇ ಕೇಸಿನ ನಂಬರು ಕೂಗುತ್ತಾನೆ. ಆಗ ದೂರು ಕೊಟ್ಟವರು ಇಲ್ಲದಿದ್ದರೆ ದೂರೇ ವಜಾ ಆಗಬಹುದು ಅಂತ ಯಾರೋ ನನ್ನ ತಲೆಯಲ್ಲಿ ಹುಳ ಬಿಟ್ಟಿದ್ದರು. ನಾನು ಎದ್ದು ಬಾಗಿಲಿಗೆ ಹೋಗಿ ಇಣುಕುವುದು, ಬಂದು ಕೂರುವುದು, ಮತ್ತೆ ಏಳುವುದು.

"ನೀ ಇಣುಕಿ ನೋಡಿದ್ರ ಟ್ರೇನ್ ಹೊಂಡ್ತದೇನ? ಸುಮ್ನ ಕುಂದ್ರು," ಅಂದಳು ಅವ್ವ.

ಆ ಕುಕ್ಕರ್ ನಮ್ಮ ಮನೆಯಲ್ಲಿ ಒಂದು ಹಬ್ಬವನ್ನೂ ಕಂಡಿರಲಿಲ್ಲ. ಅಬಿಡ್ಸ್‌ನ ಅಂಗಡಿಯೊಂದರಲ್ಲಿ ಅವ್ವನೇ ಮುಚ್ಚಳ ತಿರುಗಿಸಿ, ತಳ ಬಡಿದು ನೋಡಿ ಆರಿಸಿದ್ದಳು. ಒಂದು ಸಂಜೆ ತೊಗರಿಬೇಳೆ ಇಟ್ಟಾಗ ಎಷ್ಟು ಹೊತ್ತಾದರೂ ಸೀಟಿ ಕೂಗಲಿಲ್ಲ. ಅವ್ವ ಗ್ಯಾಸ್ ಆರಿಸಲು ಕೈ ಚಾಚಿದಳು. ಅಷ್ಟರಲ್ಲಿ ಮುಚ್ಚಳ ಹಾರಿ ಛಾವಣಿಗೆ ಬಡಿಯಿತು. ಬೇಳೆ ಗೋಡೆಗೆಲ್ಲ ಸಿಡಿದು, ಅವಳ ಬಲಗೈ ಮೊಣಕೈವರೆಗೂ ಸುಟ್ಟಿತು. ನಾನು ಪಕ್ಕದ ಕೋಣೆಯಲ್ಲಿ ಶಾಲೆಯ ಮಕ್ಕಳ ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದೆ. ಆ ಸದ್ದನ್ನು ಈಗಲೂ ನೆನೆಸಿಕೊಳ್ಳಲು ನನಗೆ ಮನಸ್ಸಿಲ್ಲ.

ಕಂಪನಿಗೆ ಬರೆದೆವು. ಸೀಟಿಯ ಕೆಳಗಿನ ನಳಿಗೆಯಲ್ಲಿ ಬೇಳೆ ಕಟ್ಟಿಕೊಂಡಿರುತ್ತದೆ, ಇದು ಅಡುಗೆ ಮಾಡಿದವರ ಅಜಾಗರೂಕತೆ ಅಂತ ಉತ್ತರ ಬಂತು. ಪುಣ್ಯಾತ್ಮರು ಕುಕ್ಕರನ್ನು ಕಣ್ಣಿಂದಲೂ ನೋಡಿರಲಿಲ್ಲ. ಏನು ಬರೆದಿದ್ದಾರೆ ಅಂತ ಅವ್ವ ಕೇಳಿದಳು, ನಾನು ಕನ್ನಡದಲ್ಲಿ ಹೇಳಿದೆ. "ಹಂಗಾದ್ರ ತಪ್ಪು ನಂದ ಐತಿ," ಅಂದಳು.

ಆ ದಿನದಿಂದ ಅವಳು ಒಲೆ ಹಚ್ಚಲಿಲ್ಲ. ಕಲಬುರಗಿಯಲ್ಲಿ ತುಂಬಿದ ಮನೆಗೆ ಬೇಯಿಸಿ ಬಡಿಸಿದವಳು, ಗಾಯ ಮಾಯ್ದ ಮೇಲೂ ಅಡುಗೆಮನೆಯ ಹೊಸ್ತಿಲು ದಾಟಲಿಲ್ಲ. ಹೊರಗೆ ನಿಂತೇ "ಉಪ್ಪು ಹಾಕಿದಿ?" ಅಂತ ಕೇಳುವಳು. ಅಡುಗೆ ನನ್ನ ಪಾಲಿಗೆ ಬಂತು. ನಾನು ಬೇಳೆಯನ್ನು ತೆರೆದ ಪಾತ್ರೆಯಲ್ಲೇ ಬೇಯಿಸುತ್ತಿದ್ದೆ, ಹಾಗೆ ಬೇಯಿಸಿದರೇ ರುಚಿ ಅಂತ ಕೇಳಿದವರಿಗೆಲ್ಲ ಹೇಳುತ್ತಿದ್ದೆ. ಒಳಗೊಳಗೇ ಸಿಟ್ಟು ಕುದಿಯುತ್ತಿತ್ತು. ಕಂಪನಿ ಹೊಸ ಕುಕ್ಕರ್ ಕೊಡಲಿ ಬಿಡಲಿ, ಆ ಒಂದು ಮಾತು ಸುಳ್ಳು ಅಂತ ಯಾರಾದರೂ ಎತ್ತರದ ಕುರ್ಚಿಯಲ್ಲಿ ಕೂತವರು ಹೇಳಬೇಕಿತ್ತು. ಇಲ್ಲದಿದ್ದರೆ ಅವ್ವ ಆ ಹೊಸ್ತಿಲಲ್ಲೇ ಉಳಿದುಬಿಡುತ್ತಾಳೆ ಅನ್ನುವುದು ನನ್ನ ಭಯ.

ಹಾಗಾಗಿ ಅವ್ವನ ಹೆಸರಲ್ಲೇ ದೂರು ಹಾಕಿದೆವು. ಗ್ರಾಹಕರ ಆಯೋಗ ಅಂದರೆ ಕಟಕಟೆ, ಸುತ್ತಿಗೆ ಅಂತೆಲ್ಲ ಅಂದುಕೊಂಡು ಹೋದವಳು ನಾನು. ನೋಡಿದರೆ ಒಂದು ಸಾಧಾರಣ ಹಾಲ್, ಕಿರುಗುಟ್ಟುವ ಫ್ಯಾನು, ಎದುರಿಗೆ ಅಧ್ಯಕ್ಷರು ಮತ್ತು ಇಬ್ಬರು ಸದಸ್ಯರು. ಲಾಯರ್ ಬೇಕಂತಿಲ್ಲ, ನಮ್ಮ ಮಾತು ನಾವೇ ಆಡಬಹುದು. ಕಟ್ಟಿ ಮುಗಿಸುವ ಮುಂಚೆಯೇ ಬಿಲ್ಡರ್ ಓಡಿಹೋದ ಫ್ಲ್ಯಾಟಿನವರು, ಮದುವೆಗೆ ಕೆಟ್ಟ ಊಟ ಬಡಿಸಿದರು ಅನ್ನುವವರು, ಎಲ್ಲರೂ ಒಂದೇ ಬೆಂಚಿನ ಮೇಲೆ. ತೆಲುಗು, ಹಿಂದಿ, ಇಂಗ್ಲಿಷ್ ಮೂರೂ ಕಲಸಿ ನಡೆಯುತ್ತಿದ್ದ ಮಾತಿನಲ್ಲಿ ಮೊದಮೊದಲು ನನಗೆ ತಿಳಿಯುತ್ತಿದ್ದದ್ದು ಮುಂದಿನ ತಾರೀಖು ಒಂದೇ. ಪ್ರತಿ ಸಲ ರಜೆ ಕೇಳುವಾಗ ನಮ್ಮ ಶಾಲೆಯ ಹೆಡ್‌ಮಾಸ್ಟರು ನನ್ನನ್ನೇ ಆರೋಪಿಯಂತೆ ನೋಡುತ್ತಿದ್ದರು.

ಟ್ರೇನು ತಡವಾದ ಆ ದಿನದ ಕೆಲಸ ಬೇರೆ. ಕುಕ್ಕರನ್ನು ಆಯೋಗದ ಮುಂದೆ ಇಟ್ಟರೆ ಅವರು ಸೀಲ್ ಮಾಡಿ ಪರೀಕ್ಷೆಗೆ ಲ್ಯಾಬಿಗೆ ಕಳಿಸುವವರಿದ್ದರು. ಸಿಡಿದ ದಿನವೇ ನಾನು ಅವ್ವನಿಗೆ ಹೇಳಿದ್ದೆ: ಹೇಗಿದೆಯೋ ಹಾಗೇ ಎತ್ತಿಡು. ಅವಳು ಗಂಟು ಕಟ್ಟಿ ಅಟ್ಟದ ಮೇಲಿಟ್ಟಿದ್ದಳು. ನಾನು ಬಿಚ್ಚಿ ನೋಡಲು ಹೋಗಿರಲಿಲ್ಲ.

ಟ್ರೇನು ಹೇಗೋ ತಲುಪಿತು, ಓಡಿದೆವು. ಬೆಂಚಿನಲ್ಲಿ ಕೂತು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಜವಾನ ನಮ್ಮ ನಂಬರು ಕೂಗಿದ. ಮೇಜಿನ ಮೇಲೆ ಗಂಟು ಬಿಚ್ಚಿದೆ. ಒಳಗಿದ್ದ ಕುಕ್ಕರ್ ಫಳಫಳ ಹೊಳೆಯುತ್ತಿತ್ತು.

ಕಂಪನಿಯ ಲಾಯರ್ ಎದ್ದು ನಿಂತರು. ಸಾಕ್ಷ್ಯವನ್ನೇ ತೊಳೆದು ತಂದಿದ್ದಾರೆ, ಇನ್ನು ಲ್ಯಾಬಿನವರು ನೋಡುವುದಾದರೂ ಏನನ್ನು ಅಂದರು. ನಾನು ಅವ್ವನ ಕಡೆ ತಿರುಗಿ, "ತೊಳದಿಯೇನು?" ಅಂದೆ.

"ತೊಳೀದ ಏನ್ ಮಾಡ್ಲಿ? ಮುಸುರಿ ಭಾಂಡಿ ಗಂಟು ಕಟ್ಟಿ ಮನ್ಯಾಗ ಇಡ್ತಾರೇನ ಯಾರರ?"

ಎಂಜಲು ಮುಸುರೆಯ ಪಾತ್ರೆ ಬೆಳಗಿಗೆ ಮನೆಯಲ್ಲಿ ಉಳಿಯಬಾರದು, ಅದು ನಮ್ಮವರ ಕಟ್ಟುನಿಟ್ಟು. ಕೈಗೆ ಬ್ಯಾಂಡೇಜ್ ಇದ್ದರೂ ಎಡಗೈಯಲ್ಲಿ ಹುಣಸೆಹಣ್ಣು ಹಿಡಿದು ತಿಕ್ಕಿದ್ದಾಳೆ, ಮಹಾತಾಯಿ. ನಾನು ಅದನ್ನು ತೆಲುಗಿನಲ್ಲಿ ವಿವರಿಸಿದೆ. ಸದಸ್ಯರಲ್ಲಿ ಒಬ್ಬರು ಹೆಂಗಸು. ಅವರ ತುಟಿಯ ಮೇಲೆ ನಗು ಬಂದು ಹೋಯಿತು. ನಳಿಗೆಯಲ್ಲಿ ಏನಾದರೂ ಇತ್ತಾ ಕೇಳಿ ಅಂತ ಅವರು ನನಗೆ ಹೇಳಿದರು.

ಕೇಳಿದೆ. ಅವ್ವ ತಡವರಿಸಲಿಲ್ಲ. "ಇತ್ತು. ಬೇಳಿ ಕಟ್ಟಿತ್ತು. ಸೂಜಿ ಹಾಕಿ ತಗದೀನಿ."

ಆ ಹಾಲಿನಲ್ಲಿ ಕನ್ನಡ ತಿಳಿಯುವವರು ಇನ್ನಾರಾದರೂ ಇದ್ದರೋ ಇಲ್ಲವೋ ಗೊತ್ತಿಲ್ಲ. ಇಲ್ಲ ಅಂತ ಹೇಳಿಬಿಡಲೇ ಅನ್ನಿಸಿತು. ಅವ್ವ ನನ್ನ ಮುಖವನ್ನೇ ನೋಡುತ್ತಿದ್ದಳು, ನಾನು ಸುಳ್ಳು ಹೇಳಿದರೆ ತಿಳಿಯುವಷ್ಟು ತೆಲುಗು ಅವಳಿಗೆ ಬರುತ್ತದೆ. ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಲಾಯರ್ ಅದನ್ನು ಬರೆದುಕೊಳ್ಳಬೇಕೆಂದು ಕೇಳಿದರು, ಆಯೋಗದವರು ಬರೆದುಕೊಂಡರು. ಆಮೇಲೆ ಕುಕ್ಕರ್ ಹೇಗಿತ್ತೋ ಹಾಗೇ ಸೀಲಾಗಿ ಹೋಯಿತು.

ಲ್ಯಾಬಿನ ವರದಿ ಬರುವವರೆಗಿನ ತಿಂಗಳುಗಳು ನನಗೆ ಬೇಡವಾಗಿದ್ದವು. ರಾತ್ರಿ ನಿದ್ದೆಯಿಲ್ಲ, ಹಗಲು ಶಾಲೆಯ ಮಕ್ಕಳ ಮೇಲೆ ರೇಗಾಟ. "ಬೇಳಿ ಕಟ್ಟಿದ್ದೂ ನನ್ನ ತಪ್ಪು, ತೊಳದದ್ದೂ ನನ್ನ ತಪ್ಪು," ಅಂದಳು ಅವ್ವ ಒಮ್ಮೆ. ಈಗ ಉಪ್ಪಿನ ವಿಚಾರವನ್ನೂ ಕೇಳುತ್ತಿರಲಿಲ್ಲ. ಇವಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಇನ್ನೂ ಹಾಳು ಮಾಡಿದೆನಲ್ಲ ಅಂತ ನನ್ನನ್ನೇ ಬೈದುಕೊಳ್ಳುತ್ತಿದ್ದೆ.

ಆರ್ಡರ್ ದಿನ ಅಧ್ಯಕ್ಷರು ಕೊನೆಯ ಭಾಗ ಮಾತ್ರ ಓದಿದರು. ನಾನು ಬೆಂಚಿನ ತುದಿ ಹಿಡಿದು ಕೇಳಿದೆ. ನಳಿಗೆ ಕಟ್ಟಿಕೊಳ್ಳುವುದು ಯಾವ ಮನೆಯಲ್ಲೂ ಆಗಬಹುದಾದದ್ದು. ಆಗ ಕರಗಿ ಹಬೆಯನ್ನು ಹೊರಗೆ ಬಿಡಲೆಂದೇ ಮುಚ್ಚಳದಲ್ಲಿ ಸೇಫ್ಟಿ ವಾಲ್ವ್ ಇರುತ್ತದೆ. ಈ ಕುಕ್ಕರಿನ ವಾಲ್ವ್ ಕರಗಿಲ್ಲ, ಅದಕ್ಕೆ ಹಾಕಿದ ಲೋಹವೇ ಸರಿಯಿಲ್ಲ. ಅಡುಗೆ ಮಾಡಿದವರದು ತಪ್ಪಲ್ಲ.

ಪರಿಹಾರ ಎಷ್ಟು ಅಂತ ಓದಿದ್ದು ನನ್ನ ಕಿವಿಗೆ ಬೀಳಲಿಲ್ಲ. ಮೆಟ್ಟಿಲಿಳಿಯುವಾಗ ಅವ್ವ, "ಏನಂದ್ರು, ಇನ್ನೊಮ್ಮೆ ಹೇಳು," ಅಂದಳು. ಹೇಳಿದೆ. ಸ್ಟೇಷನ್ನಿನಲ್ಲಿ ಮತ್ತೆ ಕೇಳಿದಳು. ಟ್ರೇನಿನಲ್ಲೂ ಹೇಳಿದೆ.

ಮರುದಿನ ಬೆಳಗ್ಗೆ ಒಗ್ಗರಣೆಯ ವಾಸನೆಗೆ ಎಚ್ಚರವಾಯಿತು. ಎದ್ದು ಹೋದರೆ ಅವ್ವ ಒಲೆಯ ಮುಂದೆ ನಿಂತಿದ್ದಳು. ಒಂದು ಉರಿಯ ಮೇಲೆ ಬಾಣಲೆ, ಇನ್ನೊಂದರ ಮೇಲೆ ಪಕ್ಕದ ಮನೆಯಿಂದ ಕಡ ತಂದ ಕುಕ್ಕರ್. ಕಣ್ಣು ತುಂಬಿ ಬಂತು. ಇದಕ್ಕಾಗಿಯೇ ಅಲ್ಲವೇ ಇಷ್ಟೆಲ್ಲ ಓಡಾಡಿದ್ದು ಅಂದುಕೊಂಡು ಅವಳನ್ನು ನೋಡುತ್ತ ನಿಂತೆ.

"ಅಲ್ಲೇ ಯಾಕ ನಿಂತಿ? ಒಳಗ ಬಾ, ಚಾ ಸೋಸು."

"ಬಂದೆ," ಅಂದೆ. ಕುಕ್ಕರ್ ಬುಸುಗುಡುತ್ತಿತ್ತು. ಕಾಲು ಮುಂದೆ ಹೋಗಲಿಲ್ಲ. ಆಗ ನೋಡಿಕೊಂಡೆ, ನಾನು ನಿಂತಿದ್ದು ಹೊಸ್ತಿಲಿನ ಹೊರಗೆ, ಅವ್ವ ಇಷ್ಟು ದಿನ ನಿಲ್ಲುತ್ತಿದ್ದ ಜಾಗದಲ್ಲಿ.

ಅವ್ವ ಸೌಟು ಕೆಳಗಿಟ್ಟು ಬಂದಳು. ಕಲೆಯಿದ್ದ ಆ ಬಲಗೈಯಿಂದ ನನ್ನ ಮುಂಗೈ ಹಿಡಿದಳು. "ನೀ ಬೇಳಿ ಪಾತೇಲಿನಾಗ ಕುದಿಸಾಕ ಹತ್ತಿದಾಗಿಂದ ನಿನ್ನ ಅಂಜಿಕಿ ಗೊತ್ತೈತಿ ನಂಗ," ಅಂದಳು. ಸೀಟಿ ಕೂಗಿತು. ನಾನು ಬೆಚ್ಚಿದೆ, ಅವಳು ಕೈ ಬಿಡಲಿಲ್ಲ.