ಅಜ್ಜಿ ಇಟ್ಟ ಚುಕ್ಕಿ

ಇವತ್ತು ಚಳ್ಳಕೆರೆಯ ಮೊಬೈಲ್ ಅಂಗಡಿಯಲ್ಲಿ ಬೆಸುಗೆಯ ಹೊಗೆ ಮೂಗಿಗೆ ಬಡಿಯಿತು. ಮೊಳಕಾಲ್ಮೂರಿನ ನಮ್ಮ ಮನೆ, ಅಜ್ಜನ ಹಳೆಯ ವಾಲ್ವ್ ರೇಡಿಯೊ ನೆನಪಾದವು.

ಅಜ್ಜನಿಗೆ ಓದು ಬಾರದು. ತೀರಿಹೋಗುವ ಮೊದಲು ಅಜ್ಜಿ ರೇಡಿಯೊದ ಗಾಜಿನ ಮೇಲೆ ಬಾಟಲಿ ಕುಂಕುಮದಿಂದ ಗುರುತು ಮಾಡಿಟ್ಟಿದ್ದಳು: ವಾರ್ತೆಗೆ ಒಂದು ಚುಕ್ಕಿ, ವಚನಕ್ಕೆ ಎರಡು.

ಒಂದು ದಿನ ಅದರ ಸದ್ದು ನಿಂತಿತು. "ಚಳ್ಳಕೆರೆ ಸಾಬ್ರಿಗೆ ಕೊಡಾನ" ಎಂದ ಅಜ್ಜ, ರಿಪೇರಿಯವರನ್ನು ನೆನೆದು. ಶಾಲೆಯಲ್ಲಿ ಕರೆಂಟ್ ಬೆಲ್ ಮಾಡಿ ಬಹುಮಾನ ಗೆದ್ದಿದ್ದ ನಾನು, "ಅವ್ರ್ಯಾಕಜ್ಜ? ನಾನೇ ಮಾಡ್ತೀನಿ" ಎಂದೆ. ಅಜ್ಜ ಹೊಲಕ್ಕೆ ಹೋದಾಗ ಬಿಚ್ಚಿದೆ. ಒಳಗಿನದು ಒಂದೂ ಅರ್ಥವಾಗಲಿಲ್ಲ. ಏನೋ ಮಾಡಿದಂತೆ ಕಾಣಲೆಂದು ಸೋಪಿನ ನೀರಲ್ಲಿ ಗಾಜು ಒರೆಸಿದೆ. ಬಟ್ಟೆ ಕೆಂಪಾಯಿತು; ಅಜ್ಜಿಯ ಚುಕ್ಕಿಗಳು ಹೋಗಿದ್ದವು. ಅಜ್ಜ ಬರುವಷ್ಟರಲ್ಲಿ ರೇಡಿಯೊವನ್ನು ಟವೆಲ್ಲಿನಲ್ಲಿ ಸುತ್ತಿಟ್ಟು, "ಸಾಬ್ರಿಗೇ ಕೊಡಾನ" ಎಂದೆ.

ಕೊಟ್ಟುಬಂದು ವಾರ ಬಿಟ್ಟು ಸಾಬರ ಅಂಗಡಿಗೆ ಹೋದಾಗ ರೇಡಿಯೊ ಮಾತಾಡುತ್ತಿತ್ತು. ಅಜ್ಜ ಗಾಜು ಸವರಿ, "ಸಾಬ್ರೇ, ನಮ್ಮಾಕೆ ಇಟ್ಟಿದ್ದ ಚುಕ್ಕಿ ಎಲ್ಲೋದ್ವು?" ಎಂದ. ಸಾಬರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

"ನಂದೇ ತಪ್ಪು ಗೌಡ್ರೇ. ಒರೆಸಿಬಿಟ್ಟೆ" ಎಂದರು.

ಅಜ್ಜ ಬದುಕಿರುವವರೆಗೂ ಅವರನ್ನು ಬೈದ. ನಾನು ಒಮ್ಮೆಯೂ ತಡೆಯಲಿಲ್ಲ.

ಇವತ್ತು ಧೈರ್ಯ ಮಾಡಿ ಅಂಗಡಿಯವನನ್ನು ಕೇಳಿದೆ: "ಮೊದ್ಲು ಇಲ್ಲೊಬ್ರು ರೇಡಿಯೊ ಸಾಬ್ರಿದ್ರಲ್ಲ?"

"ನಮ್ ತಾತಾನೇ ಅಕ್ಕ. ಹೋಗ್ಬಿಟ್ರು. ನಿಮಗೆ ಪರಿಚಯ ಇದ್ರಾ?"

"ಇಲ್ಲ" ಎಂದೆ.